ಒಂದು ಸಣ್ಣ ಬಿಡಿಭಾಗ ಬಾರದೆ ಇಡೀ ಪ್ರೀಕಾಸ್ಟ್ ಕಾಮಗಾರಿ ನಿಂತಿತು: ಪೂರೈಕೆ ಸರಪಳಿಯನ್ನು ಎಲ್ಲಿಂದ ಗಟ್ಟಿಗೊಳಿಸಬೇಕು?

ಪ್ರಶ್ನೆ | ಸೈಟ್ ಎಂಜಿನಿಯರ್

ಎಲ್ಲರಿಗೂ ನಮಸ್ಕಾರ. ಕಾರ್ಖಾನೆಯಲ್ಲಿ ಮೊದಲೇ ಎರಕ ಹೊಯ್ದ (ಪ್ರೀಕಾಸ್ಟ್) ಕಾಂಕ್ರೀಟ್ ಗೋಡೆ ಮತ್ತು ಚಾವಣಿ ಪ್ಯಾನೆಲ್‌ಗಳನ್ನು ತಂದು ಬಹುಮಹಡಿ ವಸತಿ ಕಟ್ಟಡ ಜೋಡಿಸುವ ಕಾಮಗಾರಿಯಲ್ಲಿ ನಾನು ಸೈಟ್ ಎಂಜಿನಿಯರ್ ಆಗಿದ್ದೇನೆ. ಕಳೆದ ಕಾಮಗಾರಿಯಲ್ಲಿ ನಮಗೆ ಆದದ್ದನ್ನು ಮುಂದಿಟ್ಟು, ಇದೇ ಕೆಲಸದಲ್ಲಿರುವವರ ಅಭಿಪ್ರಾಯ ಕೇಳಬೇಕೆಂದಿದ್ದೇನೆ.

ಏಳನೆಯ ಮಹಡಿಯವರೆಗೆ ಎಲ್ಲವೂ ವೇಳಾಪಟ್ಟಿಯಂತೆಯೇ ಸಾಗಿತ್ತು. ಅಷ್ಟರಲ್ಲಿ ಗೋಡೆಗಳ ಬುಡದಲ್ಲಿ ಹುದುಗಿಸಬೇಕಾದ ಗ್ರೌಟ್ ಸ್ಲೀವ್‌ಗಳ ಸರಕು ಹಡಗಿನಲ್ಲಿ ತಡವಾಯಿತು. ಸ್ಲೀವ್ ಎಂದರೆ ಒಂದೇ ಕೈಯಲ್ಲಿ ಎತ್ತಿ ಹಿಡಿಯಬಹುದಾದ ಲೋಹದ ಕೊಳವೆ. ಕೆಳಗಿನ ಮಹಡಿಯಿಂದ ಮೇಲಕ್ಕೆ ಚಾಚಿದ ಸರಳು ಅದರೊಳಗೆ ಹೊಕ್ಕು, ಗ್ರೌಟ್ ಎಂಬ ತೆಳು ಸಿಮೆಂಟ್ ಗಾರೆ ತುಂಬಿ ಗಟ್ಟಿಯಾದ ಮೇಲೆ ಎರಡು ಮಹಡಿಗಳ ಗೋಡೆ ಒಂದಾಗುತ್ತದೆ. ಸಿಮೆಂಟು, ಜಲ್ಲಿ, ಕಂಬಿ, ಅಚ್ಚು, ಕೆಲಸಗಾರರು ಎಲ್ಲವೂ ಕಾರ್ಖಾನೆಯಲ್ಲಿ ಸಿದ್ಧವಾಗಿದ್ದರೂ ಸ್ಲೀವ್ ಇಲ್ಲದೆ ಎರಕ ಹೊಯ್ಯುವಂತಿರಲಿಲ್ಲ. ಮೂರು ವಾರ ಟವರ್ ಕ್ರೇನ್‌ನ ಕೊಕ್ಕೆ ಬರಿದಾಗಿ ತೂಗುತ್ತಿತ್ತು, ಅದರ ಬಾಡಿಗೆ ಮಾತ್ರ ದಿನವೂ ಏರುತ್ತಿತ್ತು. ಜೋಡಣೆಯ ತಂಡ ಬೇರೆ ಕೆಲಸ ಹುಡುಕಿಕೊಂಡು ಹೋಯಿತು. ಸ್ಲೀವ್ ಬಂದ ಮೇಲೂ ಆ ನುರಿತ ಕೈಗಳು ಹಿಂತಿರುಗಲು ಇನ್ನಷ್ಟು ದಿನ ಹಿಡಿಯಿತು.

ಈಗ ಮುಂದಿನ ಕಾಮಗಾರಿಗೆ ಆಡಳಿತ ವರ್ಗದವರು ಒಂದೇ ಸೂಚನೆ ಕೊಟ್ಟಿದ್ದಾರೆ: ಪ್ರತಿಯೊಂದು ಸಾಮಗ್ರಿಯನ್ನೂ ಮೂರು ತಿಂಗಳಿಗೆ ಆಗುವಷ್ಟು ದಾಸ್ತಾನು ಇಟ್ಟುಕೊಳ್ಳಬೇಕು. ನನಗೆ ಇದು ಪರಿಹಾರವೆಂದು ಅನಿಸುತ್ತಿಲ್ಲ, ಆದರೆ ಬದಲಿಗೆ ಏನು ಮಾಡಬೇಕೆಂದು ಸ್ಪಷ್ಟವಾಗಿ ಹೇಳಲೂ ಆಗುತ್ತಿಲ್ಲ. ಹಣ ಮತ್ತು ಶ್ರಮವನ್ನು ಮೊದಲು ಎಲ್ಲಿ ಹಾಕಬೇಕು? ದಾಸ್ತಾನಿನಲ್ಲೋ, ಎರಡನೆಯ ಪೂರೈಕೆದಾರರಲ್ಲೋ, ಅಥವಾ ವಿನ್ಯಾಸದಲ್ಲೋ?

ಉತ್ತರ | ಪ್ರೀಕಾಸ್ಟ್ ಕಾರ್ಖಾನೆಯ ಉತ್ಪಾದನಾ ವಿಭಾಗದಿಂದ

ನಿಮ್ಮ ಅನುಮಾನ ಸರಿಯಾಗಿದೆ. ಎಲ್ಲದಕ್ಕೂ ಮೂರು ತಿಂಗಳೆಂಬ ಒಂದೇ ಅಳತೆ ಹಾಕಿದರೆ ಯಾವುದಕ್ಕೂ ಸರಿಹೊಂದದು. ಸಿಮೆಂಟು ಅಷ್ಟು ಕಾಲ ಕೂತರೆ ಬಲ ಕಳೆದುಕೊಳ್ಳುತ್ತದೆ. ಮೂರು ತಿಂಗಳು ಕಳೆದ ಸಿಮೆಂಟನ್ನು ಮರುಪರೀಕ್ಷೆ ಮಾಡದೆ ಬಳಸಬಾರದು. ಚೀಲದಲ್ಲಿ ಬರುವ ಗ್ರೌಟ್‌ಗೂ, ಕೀಲುಗಳಿಗೆ ಹಚ್ಚುವ ಸೀಲಂಟ್‌ಗೂ ಮೇಲೆ ಮುದ್ರಿಸಿದ ಅವಧಿ ಇರುತ್ತದೆ. ಇನ್ನೊಂದೆಡೆ ಸ್ಲೀವ್, ಎತ್ತುವ ಕೊಕ್ಕೆ, ಬೋಲ್ಟು, ಬೇರಿಂಗ್ ಪ್ಯಾಡ್ ಇವೆಲ್ಲ ಒಂದು ಕೋಣೆಯಲ್ಲಿ ಹಿಡಿಯುವಷ್ಟೇ ಜಾಗ ಬೇಡುತ್ತವೆ, ಇಡೀ ಕಟ್ಟಡದ ವೆಚ್ಚದಲ್ಲಿ ಅವುಗಳ ಪಾಲು ತೀರ ಸಣ್ಣದು. ಇವುಗಳನ್ನು ಕಂತಿನಲ್ಲಿ ತರಿಸುವುದರಲ್ಲಿ ಅರ್ಥವೇ ಇಲ್ಲ. ಮೊದಲ ಪ್ಯಾನೆಲ್ ಎರಕ ಹೊಯ್ಯುವ ಮುನ್ನವೇ ಇಡೀ ಕಟ್ಟಡಕ್ಕೆ ಬೇಕಾದಷ್ಟನ್ನು ತರಿಸಿ, ಎಣಿಸಿ, ಬೀಗ ಹಾಕಿ ಇಡುವುದು ನಮ್ಮಲ್ಲಿ ಈಗ ನಿಯಮವಾಗಿದೆ. ಖರೀದಿ ವಿಭಾಗದವರು ಬೆಲೆಯ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತಾರೆ, ಹೆಚ್ಚು ಬೆಲೆಯದ್ದಕ್ಕೆ ಹೆಚ್ಚು ಗಮನ ಕೊಡುತ್ತಾರೆ. ಪ್ರೀಕಾಸ್ಟ್ ಕೆಲಸದಲ್ಲಿ ಅದೇ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಏಕೆಂದರೆ ಕೆಲಸ ನಿಲ್ಲಿಸುವ ವಸ್ತುಗಳು ಬಹುಪಾಲು ಪಟ್ಟಿಯ ತಳದಲ್ಲೇ ಇರುತ್ತವೆ.

ವಾಹನೋದ್ಯಮದವರು ಈ ಪಾಠವನ್ನು ಬಹಳ ಹಿಂದೆಯೇ ಕಲಿತಿದ್ದಾರೆ. 1997ರ ಫೆಬ್ರವರಿ 1ರಂದು ಜಪಾನಿನ ಐಸಿನ್ ಸೇಕಿ ಸಂಸ್ಥೆಯ ಕರಿಯಾ ಕಾರ್ಖಾನೆಯಲ್ಲಿ ಬೆಂಕಿ ಬಿತ್ತು. ಬ್ರೇಕ್ ವ್ಯವಸ್ಥೆಗೆ ಬೇಕಾದ ಪಿ-ವಾಲ್ವ್ ಎಂಬ ಚಿಕ್ಕ ಭಾಗವನ್ನು ಟೊಯೋಟಾ ಬಹುತೇಕ ಪೂರ್ತಿಯಾಗಿ ಅಲ್ಲಿಂದಲೇ ಪಡೆಯುತ್ತಿತ್ತು, ಕೈಯಲ್ಲಿದ್ದ ದಾಸ್ತಾನು ತೀರ ಅಲ್ಪವಾಗಿತ್ತು. ಕೆಲವೇ ದಿನಗಳಲ್ಲಿ ಜಪಾನಿನಲ್ಲಿದ್ದ ಅದರ ಹೆಚ್ಚಿನ ಜೋಡಣಾ ಸಾಲುಗಳು ನಿಂತುಹೋದವು. ಆದರೆ ನಾನು ಮುಖ್ಯವೆಂದು ಭಾವಿಸುವುದು ಮುಂದಿನದ್ದನ್ನು. ನಕ್ಷೆಗಳನ್ನು ಇತರ ಪೂರೈಕೆದಾರರಿಗೆ ಕೂಡಲೇ ಹಂಚಲಾಯಿತು. ಆ ವಾಲ್ವನ್ನು ಹಿಂದೆಂದೂ ಮಾಡಿರದ ಹತ್ತಾರು ಕಾರ್ಖಾನೆಗಳು ತಮ್ಮಲ್ಲಿದ್ದ ಸಾಮಾನ್ಯ ಯಂತ್ರಗಳಲ್ಲೇ ಅದನ್ನು ತಯಾರಿಸಿಕೊಟ್ಟವು, ವಾರದೊಳಗೆ ಸಾಲುಗಳು ಮತ್ತೆ ಚಲಿಸತೊಡಗಿದವು. ಅವರನ್ನು ಉಳಿಸಿದ್ದು ಗೋದಾಮಲ್ಲ. ಬೇರೆಯವರೂ ಓದಿ ಮಾಡಬಹುದಾದ ನಕ್ಷೆ ಮತ್ತು ಕರೆದರೆ ಬರುವ ಸಂಬಂಧ.

ಇನ್ನು ಸಿದ್ಧ ಪ್ಯಾನೆಲ್‌ಗಳ ದಾಸ್ತಾನಿನ ವಿಷಯ. ಇದನ್ನು ತಿಂಗಳ ಲೆಕ್ಕದಲ್ಲಿ ನೋಡಬೇಡಿ. ಅಚ್ಚಿನ ಗತಿ ಮತ್ತು ಕ್ರೇನಿನ ಗತಿಯ ನಡುವಣ ಅಂತರದಿಂದ ಲೆಕ್ಕ ಹಾಕಿ. ನಮ್ಮಲ್ಲಿ 10 ಅಚ್ಚುಗಳಿದ್ದು ದಿನಕ್ಕೊಂದು ಎರಕದಂತೆ 10 ಪ್ಯಾನೆಲ್ ಬರುತ್ತವೆ ಎನ್ನೋಣ. ಸೈಟಿನಲ್ಲಿ ನೀವು ದಿನಕ್ಕೆ 15 ಜೋಡಿಸುತ್ತೀರಿ. ಕಟ್ಟಡಕ್ಕೆ ಒಟ್ಟು 600 ಪ್ಯಾನೆಲ್ ಬೇಕಾದರೆ ನಿಮಗೆ 40 ದಿನ ಸಾಕು, ನಮಗೆ 60 ದಿನ ಬೇಕು. ಆದ್ದರಿಂದ ನೀವು ಮೊದಲ ಪ್ಯಾನೆಲ್ ಎತ್ತುವ ದಿನ ನಮ್ಮ ಯಾರ್ಡಿನಲ್ಲಿ 200 ಸಿದ್ಧವಿರಲೇಬೇಕು. ಇದು ಯಾವ ಅಡಚಣೆಯೂ ಇಲ್ಲದಿದ್ದರೆ ಮಾತ್ರ. ನಡುವೆ ಐದು ದಿನ ಎರಕ ನಿಂತರೂ ಕ್ರೇನ್ ನಿಲ್ಲಬಾರದು ಎಂದರೆ 250 ಬೇಕು. ಐವತ್ತು ಹೆಚ್ಚಿಗೆ ಇಡುವುದಕ್ಕೂ ಖರ್ಚಿದೆ ಎಂಬುದನ್ನು ಮರೆಯಬಾರದು: 6 ಮೀಟರ್ ಉದ್ದ, 3 ಮೀಟರ್ ಎತ್ತರ, 150 ಮಿಲಿಮೀಟರ್ ದಪ್ಪದ ಒಂದು ಗೋಡೆಯೇ ಸುಮಾರು 6.75 ಟನ್ ತೂಗುತ್ತದೆ. ಅದನ್ನು ನಿಲ್ಲಿಸಲು ಸ್ಟ್ಯಾಂಡು, ಸಮತಟ್ಟಾದ ಗಟ್ಟಿ ನೆಲ, ಎತ್ತಿಡಲು ಗ್ಯಾಂಟ್ರಿ ಕ್ರೇನ್ ಎಲ್ಲವೂ ಬೇಕು. ಚಪ್ಪಟೆಯಾಗಿ ಪೇರಿಸುವ ಸ್ಲ್ಯಾಬ್‌ಗಳ ನಡುವಣ ಮರದ ತುಂಡುಗಳು ಒಂದರ ಮೇಲೊಂದು ನೇರ ಸಾಲಿನಲ್ಲಿ ಇಲ್ಲದಿದ್ದರೆ ಕೆಳಗಿನ ಸ್ಲ್ಯಾಬಿನಲ್ಲಿ ಬಿರುಕು ಬೀಳುತ್ತದೆ. ಆಪತ್ತಿಗೆಂದು ಕೂಡಿಟ್ಟದ್ದೇ ಹಾಳಾದರೆ ಕಾದದ್ದು ವ್ಯರ್ಥ.

ಹಾಗೆಯೇ, ಸಿದ್ಧ ಪ್ಯಾನೆಲ್ ಎಂಬುದು ಒಂದೇ ಒಂದು ಸ್ಥಾನಕ್ಕೆ ಸಲ್ಲುವ ವಸ್ತು. ಕಿಟಕಿ ಎಡಕ್ಕಿರುವ ಗೋಡೆ ಬಲಕ್ಕಿರಬೇಕಾದ ಕಡೆ ಕೂರುವುದಿಲ್ಲ. ಕಂಬಿಯಾಗಿ, ಸಿಮೆಂಟಾಗಿ ಇರುವವರೆಗೆ ಸಾಮಗ್ರಿ ಯಾವ ಪ್ಯಾನೆಲ್ ಬೇಕಾದರೂ ಆಗಬಲ್ಲದು. ಎರಕವಾದ ಕ್ಷಣದಿಂದ ಅದಕ್ಕೆ ಬೇರೆ ದಾರಿಯಿಲ್ಲ. ಯಾರ್ಡಿನಲ್ಲಿ 250 ಪ್ಯಾನೆಲ್ ಇದ್ದು, ಇಂದು ಬೇಕಾದ ಮೂರು ಮಾತ್ರ ಅವುಗಳಲ್ಲಿಲ್ಲದಿದ್ದರೆ ಕ್ರೇನ್ ನಿಂತೇ ನಿಲ್ಲುತ್ತದೆ. ಆದ್ದರಿಂದ ಸಂಖ್ಯೆಗಿಂತ ಅನುಕ್ರಮವನ್ನು ಕಾಯುವುದು ಹೆಚ್ಚು ಮುಖ್ಯ.

ಉತ್ತರ | ರಚನಾ ವಿನ್ಯಾಸಕಿ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಪ್ರಶ್ನೆಯ ತಿರುಳು ಇನ್ನೂ ಒಂದು ಹೆಜ್ಜೆ ಹಿಂದಿದೆ ಎಂದು ನನ್ನ ನಂಬಿಕೆ. ಸ್ಲೀವ್ ತಡವಾದಾಗ ನೀವೇಕೆ ಬೇರೆ ಕಂಪನಿಯ ಸ್ಲೀವ್ ಬಳಸಲಿಲ್ಲ? ಬಳಸುವಂತಿರಲಿಲ್ಲ, ಅದಕ್ಕೆ. ಸ್ಲೀವ್, ಅದರೊಳಗೆ ತುಂಬುವ ಗ್ರೌಟ್, ಒಳಹೋಗುವ ಸರಳಿನ ವ್ಯಾಸ ಈ ಮೂರನ್ನೂ ಸೇರಿಸಿ ಒಂದೇ ವ್ಯವಸ್ಥೆಯೆಂದು ಪರೀಕ್ಷಿಸಿ ಅನುಮೋದಿಸಲಾಗಿರುತ್ತದೆ. ಒಬ್ಬರ ಸ್ಲೀವಿಗೆ ಇನ್ನೊಬ್ಬರ ಗ್ರೌಟ್ ಹಾಕಿದರೆ ಆ ಅನುಮೋದನೆ ಉಳಿಯುವುದಿಲ್ಲ. ಹೀಗಾಗಿ ನಕ್ಷೆಯಲ್ಲಿ ಒಂದು ಸ್ಲೀವಿನ ಹೆಸರು ಬರೆದ ದಿನವೇ ಕಟ್ಟಡದ ಅಷ್ಟೂ ಮಹಡಿಗಳು ಒಬ್ಬ ತಯಾರಕನ ಕೈಗೆ ಹೋದವು. ಆ ತೀರ್ಮಾನವನ್ನು ಮಾಡಿದ್ದು ಖರೀದಿ ವಿಭಾಗವಲ್ಲ, ನಮ್ಮಂಥ ವಿನ್ಯಾಸಕರು, ಅದೂ ಬಹಳ ಸಲ ತೀರ್ಮಾನ ಮಾಡುತ್ತಿದ್ದೇವೆ ಎಂಬ ಅರಿವೇ ಇಲ್ಲದೆ.

ನಾನು ಈಗ ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಪ್ರತಿ ಮುಖ್ಯ ಕೀಲಿಗೂ ಎರಡು ಪರಿಹಾರಗಳನ್ನು ಆರಂಭದಲ್ಲೇ ಲೆಕ್ಕ ಹಾಕಿ, ಎರಡಕ್ಕೂ ಅನುಮೋದನೆ ಪಡೆದುಕೊಳ್ಳುತ್ತೇನೆ. ಮೊದಲನೆಯದು ಗ್ರೌಟ್ ಸ್ಲೀವ್ ಇರಬಹುದು. ಎರಡನೆಯದು ಎಲ್ಲೆಡೆ ಸಿಗುವ ಸುಕ್ಕುಗಟ್ಟಿದ ತಗಡಿನ ಕೊಳವೆಯೊಳಗೆ ಸರಳನ್ನು ಇಳಿಸಿ ಗ್ರೌಟ್ ತುಂಬುವ ವಿಧಾನ. ಎರಡನೆಯದಕ್ಕೆ ಸರಳು ಹೆಚ್ಚು ಆಳಕ್ಕೆ ಇಳಿಯಬೇಕು. ಸ್ಲೀವಿನಲ್ಲಿ ಸಾಮಾನ್ಯವಾಗಿ ಸರಳಿನ ವ್ಯಾಸದ ಸುಮಾರು ಎಂಟು ಪಟ್ಟು ಒಳಹೋದರೆ ಸಾಕಾಗುತ್ತದೆ, ಅಂದರೆ 16 ಮಿಲಿಮೀಟರ್ ಸರಳಿಗೆ ಸುಮಾರು 130 ಮಿಲಿಮೀಟರ್. ತಗಡಿನ ಕೊಳವೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಬೇಕು. ಆದ್ದರಿಂದ ಕೆಳಗಿನ ಪ್ಯಾನೆಲ್‌ನಿಂದ ಹೊರಚಾಚುವ ಸರಳನ್ನು ಮೊದಲಿನಿಂದಲೂ ಉದ್ದದ ಲೆಕ್ಕಕ್ಕೇ ಇಡಿಸುತ್ತೇನೆ. ಸ್ಲೀವ್ ಬಂದರೆ ಸೈಟಿನಲ್ಲಿ ಅಳತೆಗೆ ಕತ್ತರಿಸಿದರಾಯಿತು. ಉದ್ದದ ಸರಳನ್ನು ಕತ್ತರಿಸಬಹುದು, ಗಿಡ್ಡ ಸರಳನ್ನು ಎಳೆದು ಉದ್ದ ಮಾಡಲಾಗದು. ಪ್ರತಿ ಸರಳಿಗೆ ಒಂದಿಷ್ಟು ಹೆಚ್ಚುವರಿ ಕಂಬಿಯ ಖರ್ಚು, ಮೂರು ವಾರ ಕ್ರೇನ್ ನಿಂತ ಖರ್ಚಿನ ಮುಂದೆ ಏನೇನೂ ಅಲ್ಲ.

ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಬದಲಿ ಕೀಲನ್ನು ಕೆಲಸ ನಿಂತ ಮೇಲೆ, ತುರ್ತಿನಲ್ಲಿ, ಸೈಟಿನಲ್ಲೇ ಯೋಚಿಸಬಾರದು. 1968ರ ಮೇ 16ರಂದು ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿಯ ಕಟ್ಟಡದಲ್ಲಿ, 18ನೆಯ ಮಹಡಿಯ ಒಂದು ಮನೆಯಲ್ಲಿ ಅಡುಗೆ ಅನಿಲ ಸ್ಫೋಟಗೊಂಡು ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳಗಿನವರೆಗೂ ಕುಸಿದು ನಾಲ್ವರು ಸತ್ತರು. ದೊಡ್ಡ ಪ್ಯಾನೆಲ್‌ಗಳನ್ನು ಒಂದಕ್ಕೊಂದು ಹಿಡಿದಿಡುವ ಕಟ್ಟು ಸಾಲದಿದ್ದುದೇ ಅಷ್ಟು ದೊಡ್ಡ ಕುಸಿತಕ್ಕೆ ಕಾರಣ. 1986ರಲ್ಲಿ ಆ ಕಟ್ಟಡವನ್ನು ಬಿಚ್ಚುವಾಗ ಕೀಲುಗಳ ಕಾಮಗಾರಿ ಎಷ್ಟು ಕಳಪೆಯಾಗಿತ್ತೆಂಬುದೂ ಹೊರಬಿತ್ತು. ಪ್ಯಾನೆಲ್ ಕಟ್ಟಡದ ಪ್ರಾಣ ಇರುವುದೇ ಕೀಲಿನಲ್ಲಿ. ಸರಕು ಬರಲಿಲ್ಲವೆಂದು ಅಲ್ಲಿ ರಾಜಿ ಮಾಡಿಕೊಳ್ಳುವುದಕ್ಕಿಂತ ಕೆಲಸ ನಿಲ್ಲುವುದೇ ಲೇಸು. ನಿಮ್ಮ ತಂಡ ಮೂರು ವಾರ ಕಾದದ್ದು ನಷ್ಟವಾದರೂ ತಪ್ಪಲ್ಲ ಎಂದು ನಾನು ಹೇಳುತ್ತೇನೆ.

ಅಳತೆಗಳನ್ನು ಒಂದೇ ಮಾಪಕ್ಕೆ ತರುವುದೂ ಇದೇ ಕಾರಣಕ್ಕೆ ಮುಖ್ಯ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಅವರ ವಿನ್ಯಾಸದಂತೆ ಎದ್ದ ಕ್ರಿಸ್ಟಲ್ ಪ್ಯಾಲೆಸ್ ಪೂರ್ತಿ 24 ಅಡಿಯ ಮಾಪದ ಮೇಲೆ ನಿಂತಿತ್ತು. ಸುಮಾರು ಮೂರು ಲಕ್ಷ ಗಾಜಿನ ಹಲಗೆಗಳು ಅದಕ್ಕೆ ಹೊಂದಿಕೊಂಡಿದ್ದವು. ಕಂಬ, ತೊಲೆಗಳ ನಮೂನೆ ಕೆಲವೇ ಆಗಿದ್ದುದರಿಂದ ಒಂದಕ್ಕಿಂತ ಹೆಚ್ಚು ಎರಕದ ಕಾರ್ಖಾನೆಗಳು ಅವನ್ನು ಏಕಕಾಲಕ್ಕೆ ಹೊಯ್ದು ಕಳಿಸಲು ಸಾಧ್ಯವಾಯಿತು. ಇಂದು ಒಂದೇ ಕಟ್ಟಡದಲ್ಲಿ ಕೆಲವೇ ಸೆಂಟಿಮೀಟರ್ ವ್ಯತ್ಯಾಸದ ಎಂಟು ಬಗೆಯ ಬಾತ್‌ರೂಮ್ ಗೋಡೆಗಳನ್ನು ಬರೆಯುವ ನಾವು, ಎಂಟು ಅಚ್ಚುಗಳನ್ನೂ ಎಂಟು ಬಗೆಯ ತಡಗಳನ್ನೂ ಹುಟ್ಟಿಸುತ್ತಿದ್ದೇವೆ.

ಉತ್ತರ | ಗುತ್ತಿಗೆ ಮತ್ತು ಖರೀದಿ

ಇಲ್ಲಿಯವರೆಗಿನ ಚರ್ಚೆ ವಸ್ತುಗಳ ಸುತ್ತಲೇ ಇದೆ. ನನ್ನ ಅನುಭವದಲ್ಲಿ ಸರಪಳಿಯ ಕೊಂಡಿ ಕಳಚುವುದು ಹಲವು ಬಾರಿ ಹಣದ ಕಡೆಯಿಂದ.

ಸೈಟಿನಲ್ಲೇ ಎರಕ ಹೊಯ್ಯುವ ಕಾಮಗಾರಿಯಲ್ಲಿ ಕೆಲಸ ಕಣ್ಣಿಗೆ ಕಂಡಂತೆ ಬಿಲ್ ಪಾಸಾಗುತ್ತದೆ. ಪ್ರೀಕಾಸ್ಟ್‌ನಲ್ಲಿ ಅಚ್ಚು, ಕಂಬಿ, ಸ್ಲೀವ್ ಎಲ್ಲಕ್ಕೂ ಕಾರ್ಖಾನೆಯವರು ತಿಂಗಳುಗಟ್ಟಲೆ ಮುಂಚಿತವಾಗಿ ಹಣ ಹಾಕಿರುತ್ತಾರೆ, ಆದರೆ ಗುತ್ತಿಗೆಯ ಷರತ್ತು ಹಳೆಯದಾಗಿದ್ದರೆ ಪ್ಯಾನೆಲ್ ಸೈಟಿಗೆ ಬಂದು ಕೂತ ಮೇಲೆಯೇ ಪಾವತಿ. ಮೇಲಿನ ಲೆಕ್ಕದ 200 ಪ್ಯಾನೆಲ್‌ಗಳು ಯಾರ ಹಣದಲ್ಲಿ ಯಾರ್ಡಿನಲ್ಲಿ ನಿಂತಿರುತ್ತವೆ ಎಂಬುದನ್ನು ಯೋಚಿಸಿ. ಆ ಭಾರ ಹೊರಲಾರದ ಕಾರ್ಖಾನೆ ಮೊದಲು ತನ್ನ ಸಣ್ಣ ಪೂರೈಕೆದಾರರಿಗೆ ಪಾವತಿ ತಡಮಾಡುತ್ತದೆ, ಅವರು ಸರಕು ತಡಮಾಡುತ್ತಾರೆ, ಕಡೆಗೆ ಅದು ನಿಮ್ಮ ಕ್ರೇನ್ ನಿಂತ ಸುದ್ದಿಯಾಗಿ ಬರುತ್ತದೆ. ಕಟ್ಟಡದ ಭಾಗಗಳನ್ನು ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದ ಅಮೆರಿಕದ ಕಟೆರಾ ಸಂಸ್ಥೆ 2015ರಲ್ಲಿ ಹುಟ್ಟಿ, ವಿನ್ಯಾಸದಿಂದ ಕಾರ್ಖಾನೆಯವರೆಗೆ ಎಲ್ಲವನ್ನೂ ತನ್ನ ಸೂರಿನಡಿ ತಂದುಕೊಂಡು, ಭಾರಿ ಬಂಡವಾಳ ಪಡೆದೂ 2021ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಕಾರ್ಖಾನೆಯಲ್ಲೇ ಮನೆ ತಯಾರಿಸುತ್ತಿದ್ದ ಬ್ರಿಟನ್ನಿನ ಇಲ್ಕೆ ಹೋಮ್ಸ್ 2023ರಲ್ಲಿ ಮುಚ್ಚಿತು. ಎಲ್ಲವನ್ನೂ ಒಂದೇ ಕೈಯಲ್ಲಿ ಹಿಡಿದರೆ ಸರಪಳಿ ಗಟ್ಟಿಯಾಗುತ್ತದೆ ಎನ್ನುವವರು ಆ ಕೈಯೇ ಸೋತ ದಿನ ಏನಾಗುತ್ತದೆಂದು ಮೊದಲು ಹೇಳಬೇಕು.

ಗುತ್ತಿಗೆಯಲ್ಲಿ ಮೂರು ಅಂಶಗಳನ್ನು ನಾನು ಬಿಡುವುದಿಲ್ಲ. ಕಾರ್ಖಾನೆಯಲ್ಲಿ ಸಿದ್ಧವಾಗಿ, ಪರೀಕ್ಷೆಯಾಗಿ, ಸಂಖ್ಯೆ ಬರೆದು ಪ್ರತ್ಯೇಕವಾಗಿ ನಿಲ್ಲಿಸಿದ ಪ್ಯಾನೆಲ್‌ಗೆ ಅಲ್ಲೇ ಭಾಗಶಃ ಪಾವತಿಯಾಗಬೇಕು. ಪಾವತಿಯಾದೊಡನೆ ಅದರ ಒಡೆತನ ಕಟ್ಟಡದ ಮಾಲೀಕರಿಗೆ ವರ್ಗವಾಗಬೇಕು, ವಿಮೆಯೂ ಇರಬೇಕು. ಈ ಒಡೆತನದ ಪತ್ರ ಇಲ್ಲದಿದ್ದರೆ, ಕಾರ್ಖಾನೆ ದಿವಾಳಿಯಾದಾಗ ನೀವು ಹಣ ಕೊಟ್ಟ ಪ್ಯಾನೆಲ್‌ಗಳೇ ಅದಕ್ಕೆ ಸಾಲ ಕೊಟ್ಟವರ ಜಗಳದಲ್ಲಿ ಸಿಕ್ಕಿಬೀಳುತ್ತವೆ. ಇನ್ನು ಅಚ್ಚಿನ ನಕ್ಷೆ, ಸಾಧ್ಯವಾದರೆ ಅಚ್ಚೇ, ಮಾಲೀಕರದ್ದಾಗಿರಬೇಕು. ಆಗ ಮಾತ್ರ ಇನ್ನೊಂದು ಕಾರ್ಖಾನೆ ಅದೇ ಪ್ಯಾನೆಲನ್ನು ಮುಂದುವರಿಸಬಲ್ಲದು. ಎರಡನೆಯ ಪೂರೈಕೆದಾರರ ಹೆಸರನ್ನು ಪಟ್ಟಿಯಲ್ಲಿ ಬರೆದಿಟ್ಟರೆ ಸಾಲದು. ಕಡೆಯ ಪಕ್ಷ ಹತ್ತರಲ್ಲಿ ಒಂದು ಪಾಲನ್ನಾದರೂ ಅವರಿಂದ ನಿಜವಾಗಿ ಮಾಡಿಸಬೇಕು. ಒಂದು ಬಾರಿಯೂ ಕೆಲಸ ಕೊಡದ ಕಾರ್ಖಾನೆ, ಎಲ್ಲರಿಗೂ ಕೊರತೆ ಬಂದ ದಿನ ನಿಮ್ಮ ಫೋನ್ ಕರೆಗೆ ಮೊದಲು ಉತ್ತರಿಸುತ್ತದೆಂದು ಹೇಗೆ ನಿರೀಕ್ಷಿಸುವುದು?

ಎರಡು ಮೂಲ ಎಂದಾಗ ಅವು ನಿಜವಾಗಿಯೂ ಎರಡೇ ಎಂದು ನೋಡುವುದೂ ಅಗತ್ಯ. ಇಬ್ಬರು ಪೂರೈಕೆದಾರರೂ ಒಂದೇ ಎರಕದ ಕಾರ್ಖಾನೆಯಿಂದ ತರಿಸುತ್ತಿರಬಹುದು, ಅಥವಾ ಇಬ್ಬರ ಸರಕೂ ಒಂದೇ ಜಲಮಾರ್ಗದಲ್ಲಿ ಬರುತ್ತಿರಬಹುದು. 2021ರ ಮಾರ್ಚ್ 23ರಿಂದ 29ರವರೆಗೆ 400 ಮೀಟರ್ ಉದ್ದದ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡಾಗ, ಕಾಗದದ ಮೇಲೆ ಬೇರೆ ಬೇರೆಯಾಗಿದ್ದ ಎಷ್ಟೋ ಪೂರೈಕೆಗಳು ಒಂದೇ ಸಾಲಿನಲ್ಲಿ ಕಾದು ನಿಂತವು.

ದಾಸ್ತಾನನ್ನು ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ. 2007ರಲ್ಲಿ ಇಂಡೊನೇಷ್ಯಾ ಮರಳಿನ ರಫ್ತನ್ನು ನಿಷೇಧಿಸಿದಾಗ ಸಿಂಗಪುರದ ನಿರ್ಮಾಣ ಕ್ಷೇತ್ರ ಉಸಿರಾಡಿದ್ದು ಅಲ್ಲಿನ ಸರ್ಕಾರ ಮೊದಲೇ ಕೂಡಿಟ್ಟ ಮರಳನ್ನು ಬಿಡುಗಡೆ ಮಾಡಿದ್ದರಿಂದ. ಬದಲಿ ಮೂಲ ಹುಡುಕಿಕೊಳ್ಳಲು ಬೇಕಾದ ಸಮಯವನ್ನು ಆ ರಾಶಿ ಕೊಂಡುಕೊಟ್ಟಿತು. ಅದೇ ದೇಶದ ಬಹಳಷ್ಟು ಪ್ರೀಕಾಸ್ಟ್ ಭಾಗಗಳು ಗಡಿಯಾಚೆಯ ಮಲೇಷ್ಯಾದಲ್ಲಿ ತಯಾರಾಗುತ್ತಿದ್ದವು. 2020ರ ಮಾರ್ಚ್ 18ರಿಂದ ಮಲೇಷ್ಯಾ ಸಂಚಾರ ನಿರ್ಬಂಧ ಹೇರಿದಾಗ ಅಂಥ ರಾಶಿ ಉಪಯೋಗಕ್ಕೆ ಬರುವಂತಿರಲಿಲ್ಲ. ಮರಳು ಯಾವ ಕಟ್ಟಡಕ್ಕಾದರೂ ಸಲ್ಲುತ್ತದೆ, ಪ್ಯಾನೆಲ್ ಸಲ್ಲದು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಕೂತು ನಮ್ಮ ಮುಂದಿನ ಕಾಮಗಾರಿಯ ಸಾಮಗ್ರಿ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದೆ. ಒಬ್ಬರೇ ತಯಾರಕರಿಂದ ಬರುವ, ಎರಕಕ್ಕೆ ಮೊದಲೇ ಹುದುಗಿಸಬೇಕಾದ ವಸ್ತುಗಳು ಒಟ್ಟು ಒಂಬತ್ತು ಸಿಕ್ಕವು. ಅವುಗಳಲ್ಲಿ ನಾಲ್ಕು ಇದುವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ. ಪ್ಯಾನೆಲ್ ಎತ್ತಲು ಅದರೊಳಗೆ ಹುದುಗಿಸುವ ಆಂಕರ್ ಅವುಗಳಲ್ಲೊಂದು. ಈ ಒಂಬತ್ತನ್ನು ಪೂರ್ತಿ ಕಟ್ಟಡಕ್ಕೆ ಮೊದಲೇ ತರಿಸಿ, ಉಳಿದವುಗಳಿಗೆ ಮೂರು ತಿಂಗಳ ನಿಯಮವನ್ನು ಕೈಬಿಡುವಂತೆ ಆಡಳಿತ ವರ್ಗಕ್ಕೆ ಬರೆದಿದ್ದೇನೆ.

ವಿನ್ಯಾಸಕಿ ಮೇಡಂ ಅವರಲ್ಲಿ ಒಂದು ಪ್ರಶ್ನೆ: ಎರಡನೆಯ ಕೀಲಿಗೆ ಅನುಮೋದನೆ ಪಡೆದಿದ್ದರೂ, ನಮ್ಮ ಕೆಲಸಗಾರರು ಅದನ್ನು ಒಮ್ಮೆಯೂ ಮಾಡಿರುವುದಿಲ್ಲ. ತುರ್ತಿನಲ್ಲಿ ಮೊದಲ ಬಾರಿಗೆ ಕೈಹಾಕಿದರೆ ನೀವು ಹೇಳಿದ ಅಪಾಯವೇ ಮತ್ತೆ ಎದುರಾಗುವುದಿಲ್ಲವೇ?

ಉತ್ತರ | ರಚನಾ ವಿನ್ಯಾಸಕಿ

ಖಂಡಿತ ಎದುರಾಗುತ್ತದೆ, ಅದಕ್ಕಾಗಿ ಕಾಮಗಾರಿಯ ಆರಂಭದಲ್ಲೇ ಒಂದು ದಿನ ಮೀಸಲಿಡಿ. ಕಾರ್ಖಾನೆಯಲ್ಲಿ ಒಂದು ಮೀಟರ್ ಅಗಲದ ಎರಡು ತುಂಡು ಗೋಡೆಗಳನ್ನು ಎರಡನೆಯ ವಿಧಾನಕ್ಕೆ ತಕ್ಕಂತೆ ಎರಕ ಹೊಯ್ಯಿಸಿ, ಸೈಟಿನಲ್ಲಿ ನಿಮ್ಮ ಜೋಡಣೆ ತಂಡದವರೇ ಅವನ್ನು ಒಂದರ ಮೇಲೊಂದು ನಿಲ್ಲಿಸಿ ಗ್ರೌಟ್ ತುಂಬಲಿ, ಕೆಳಗಿನ ತೂತಿನಿಂದ ಒತ್ತಿದ ಗ್ರೌಟ್ ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಹೊರಬರುವವರೆಗೂ ಪಂಪು ನಿಲ್ಲಿಸದಂತೆ ಹೇಳಿ. ಏಳು ದಿನ ಬಿಟ್ಟು ಕೀಲನ್ನು ಗರಗಸದಿಂದ ಉದ್ದಕ್ಕೆ ಸೀಳಿಸಿ. ಕೊಳವೆಯೊಳಗೆ ಪೊಳ್ಳು ಉಳಿದಿದ್ದರೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಯಾವ ಹಂತದಲ್ಲಿ ಗಾಳಿ ಸೇರಿತೆಂಬುದನ್ನು ಗ್ರೌಟ್ ತುಂಬಿದವರೇ ಹೇಳುತ್ತಾರೆ. ಪೊಳ್ಳು ಇಲ್ಲದ ತುಂಡು ಬರುವವರೆಗೆ ಮತ್ತೆ ಮಾಡಿಸಿ. ಸೀಳಿದ ಆ ತುಂಡನ್ನು ಎಸೆಯದೆ ಸೈಟ್ ಕಚೇರಿಯ ಬಾಗಿಲ ಬಳಿ ಇಡಿ, ಹೊಸದಾಗಿ ಸೇರುವವರಿಗೆ ಅದನ್ನು ತೋರಿಸಿಯೇ ಕೆಲಸ ಹೇಳಿಕೊಡಿ.